ವಿದೇಶದಲ್ಲಿ ಯಾವ ಕಾರ್ಡ್, ಯಾವ ಎಟಿಎಂ: ಬಳಸಿ ನೋಡಿದ ಹೋಲಿಕೆ

ಮೂರೂ ಬಗೆಯ ಕಾರ್ಡ್ ಬಳಸಿ, ಪ್ರವಾಸ ಮುಗಿದ ಮೇಲೆ ಸ್ಟೇಟ್‌ಮೆಂಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತೀರ್ಪು ಸಲೀಸು. ನೋಟು ತೆಗೆಯಲು ಡೆಬಿಟ್, ಅಂಗಡಿ ಹೋಟೆಲ್ ಬಿಲ್ಲಿಗೆ ಕ್ರೆಡಿಟ್, ಎರಡೂ ಕೈಕೊಟ್ಟ ದಿನಕ್ಕೆ ಪ್ರಿಪೇಯ್ಡ್ ಟ್ರಾವೆಲ್ ಕಾರ್ಡ್. ಆದರೆ ಕಾರ್ಡ್ ಸರಿಯಾಗಿ ಆರಿಸಿಕೊಂಡವರೂ ದುಡ್ಡು ಕಳೆದುಕೊಳ್ಳುವ ಜಾಗ ಒಂದಿದೆ: ಯಂತ್ರದ ಪರದೆಯ ಮೇಲೆ ಬರುವ ಒಂದು ಪ್ರಶ್ನೆ. ಅದನ್ನೇ ಮೊದಲು ನೋಡೋಣ.

ನಿಮ್ಮ ಕರೆನ್ಸಿಯೋ, ಅಲ್ಲಿನ ಕರೆನ್ಸಿಯೋ

ಕಾರ್ಡ್ ಹಾಕಿ, ಭಾಷೆ ಆರಿಸಿ, ಪಿನ್ ಒತ್ತಿ, 200 ಯೂರೋ ಕೇಳಿದಿರಿ ಎನ್ನಿ. ನೋಟು ಬರುವ ಮುಂಚೆ ಇನ್ನೊಂದು ಪುಟ ತೆರೆಯುತ್ತದೆ. ಒಂದು ಬದಿಗೆ ನಿಮ್ಮ ದೇಶದ ಕರೆನ್ಸಿಯಲ್ಲಿ ಮೊತ್ತ, ‘ದರ ಖಚಿತ, ಆಮೇಲೆ ಬದಲಾಗದು’ ಎಂಬ ಭರವಸೆ, ಕೆಳಗೆ ಎದ್ದು ಕಾಣುವ ಹಸಿರು ಗುಂಡಿ. ಇನ್ನೊಂದು ಬದಿಗೆ ಮಂಕು ಬಣ್ಣದಲ್ಲಿ ‘ಪರಿವರ್ತನೆ ಬೇಡ’. ಒತ್ತಬೇಕಾದದ್ದು ಈ ಮಂಕು ಗುಂಡಿ. ಬೇಡ ಎಂದರೆ ವ್ಯವಹಾರವೇ ರದ್ದಾಗುತ್ತದೇನೋ ಎಂದು ಅನುಮಾನ ಹುಟ್ಟುವ ಹಾಗೆ ಬರೆದಿರುತ್ತಾರೆ. ರದ್ದಾಗುವುದಿಲ್ಲ, ನೋಟು ಬಂದೇ ಬರುತ್ತದೆ. ಕೆಲವು ಯಂತ್ರಗಳು ಪಟ್ಟು ಬಿಡದೆ ಎರಡನೇ ಸಲವೂ ಕೇಳುತ್ತವೆ. ಆಗಲೂ ಬೇಡವೆನ್ನಿ.

ಇದರ ಹೆಸರು ಡೈನಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ ಡಿಸಿಸಿ. ‘ಹೂಂ’ ಎಂದರೆ ದರ ನಿಗದಿ ಮಾಡುವವರು ಯಂತ್ರದ ಕಡೆಯವರು, ತಮ್ಮ ಲಾಭ ಸೇರಿಸಿಯೇ. ‘ಬೇಡ’ ಎಂದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ಆ ದಿನದ ದರ ಅನ್ವಯಿಸುತ್ತದೆ. ಆ ದರ ಮಾರುಕಟ್ಟೆ ದರಕ್ಕೆ ಹತ್ತಿರವೇ ಇರುತ್ತದೆ. ಎರಡೂ ಕಂಪನಿಗಳ ಜಾಲತಾಣದಲ್ಲಿ ದಿನಾಂಕ ಹಾಕಿ ನೋಡಿಕೊಳ್ಳಬಹುದು. ಒಂದೇ ಕಾರ್ಡ್, ಒಂದೇ ಯಂತ್ರ, ಒಂದೇ ಮೊತ್ತವನ್ನು ಎರಡೂ ರೀತಿ ತೆಗೆದು ಹೋಲಿಸಿದರೆ ನೂರಕ್ಕೆ ಐದರಿಂದ ಹತ್ತರವರೆಗೆ ವ್ಯತ್ಯಾಸ ಬರುವುದು ಅಪರೂಪವೇನಲ್ಲ. ಇದಕ್ಕಿಂತ ಸಿಟ್ಟು ತರಿಸುವ ಸಂಗತಿ ಇನ್ನೊಂದು. ಮೊತ್ತ ನಿಮ್ಮದೇ ಕರೆನ್ಸಿಯಲ್ಲಿ ಬಂದಿದ್ದರೂ ಯಂತ್ರ ಇರುವುದು ಹೊರದೇಶದಲ್ಲಿ ಎಂಬ ಕಾರಣಕ್ಕೆ ಕೆಲವು ಬ್ಯಾಂಕ್‌ಗಳು ತಮ್ಮ ವಿದೇಶಿ ಮಾರ್ಕಪ್ಪನ್ನೂ, ಅಂದರೆ ಹೊರದೇಶದ ವ್ಯವಹಾರಕ್ಕೆ ಹಾಕುವ ಶೇಕಡಾವಾರು ಹೆಚ್ಚುವರಿಯನ್ನೂ, ಅದರ ಮೇಲೆ ಹಾಕುತ್ತವೆ. ಒಂದೇ ಪರಿವರ್ತನೆಗೆ ಎರಡು ಸಲ ದಂಡ.

ಐರೋಪ್ಯ ಒಕ್ಕೂಟದೊಳಗಿನ ಕರೆನ್ಸಿಗಳ ನಡುವೆ ಹೀಗೆ ಪರಿವರ್ತಿಸುವಾಗ, ಯೂರೋಪಿನ ಕೇಂದ್ರ ಬ್ಯಾಂಕಿನ ದರಕ್ಕಿಂತ ಶೇಕಡಾ ಎಷ್ಟು ಹೆಚ್ಚು ಎಂದು ತೋರಿಸಲೇಬೇಕೆಂಬ ನಿಯಮ 2020ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ ಶೇಕಡಾ ಅಂಕಿ ಪರದೆಯ ಮೂಲೆಯಲ್ಲಿ ಕಂಡರೆ ಓದಿ. ಹಸಿರು ಗುಂಡಿಯ ಆಸೆ ತಾನಾಗಿ ಇಳಿಯುತ್ತದೆ.

ಅಂಗಡಿಯ ಕಾರ್ಡ್ ಯಂತ್ರದಲ್ಲೂ ಇದೇ ಆಟ. ವ್ಯತ್ಯಾಸವೆಂದರೆ ಇಲ್ಲಿ ಗುಂಡಿಯನ್ನು ಕೌಂಟರಿನವರೇ ಒತ್ತಿ ಮುಗಿಸಿರಬಹುದು. ಪಿನ್ ಹಾಕುವ ಮುಂಚೆ ಪರದೆಯಲ್ಲಿ ಯಾವ ಕರೆನ್ಸಿಯ ಚಿಹ್ನೆ ಇದೆ ನೋಡಿ. ನಿಮ್ಮದಿದ್ದರೆ ಅಲ್ಲೇ ತಡೆದು, ರದ್ದು ಮಾಡಿ ಸ್ಥಳೀಯ ಕರೆನ್ಸಿಯಲ್ಲಿ ಮತ್ತೆ ಹಾಕಿಸಿ. ಸ್ಲಿಪ್ ಬಂದ ಮೇಲೆ ವಾದ ಮಾಡುವುದು ಕಷ್ಟ, ಯಾಕೆಂದರೆ ‘ಗ್ರಾಹಕರೇ ಒಪ್ಪಿದ್ದಾರೆ’ ಎಂಬ ಸಾಲು ಅದರಲ್ಲೇ ಅಚ್ಚಾಗಿರುತ್ತದೆ.

ಎಟಿಎಂನಲ್ಲಿ ಡೆಬಿಟ್ ಮತ್ತು ಕ್ರೆಡಿಟ್

ಇಲ್ಲಿ ಸ್ಪರ್ಧೆಯೇ ಇಲ್ಲ. ಕ್ರೆಡಿಟ್ ಕಾರ್ಡಿನಿಂದ ನೋಟು ತೆಗೆದರೆ ಅದು ಸಾಲ. ಸಾಮಾನ್ಯವಾಗಿ ನಗದು ಮುಂಗಡ ಶುಲ್ಕ ಬೇರೆ, ತೆಗೆದ ದಿನದಿಂದಲೇ ಬಡ್ಡಿ ಬೇರೆ. ಖರೀದಿಗೆ ಸಿಗುವ ಬಡ್ಡಿರಹಿತ ಅವಧಿ ನಗದಿಗೆ ಸಿಗುವುದಿಲ್ಲ. ಎಟಿಎಂ ನಗದು 6011 ಎಂಬ ವರ್ಗ ಸಂಖ್ಯೆಯೊಂದಿಗೆ ದಾಖಲಾಗುತ್ತದೆ, ಬ್ಯಾಂಕ್ ಅದನ್ನು ನೋಡಿಯೇ ಶುಲ್ಕ ಹಾಕುವುದು. ಅನೇಕರು ಜಾರಿ ಬೀಳುವುದು 6051ರಲ್ಲಿ. ಕರೆನ್ಸಿ ವಿನಿಮಯ ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ ನೋಟು ಕೊಂಡರೆ ಅದು ಈ ವರ್ಗಕ್ಕೆ ಹೋಗಿ, ಹೆಚ್ಚಿನ ಬ್ಯಾಂಕ್‌ಗಳ ಲೆಕ್ಕದಲ್ಲಿ ಅದೂ ನಗದು ಮುಂಗಡವೇ ಆಗುತ್ತದೆ. ನೋಟು ಬಂದದ್ದು ಯಂತ್ರದಿಂದಲ್ಲ, ಮನುಷ್ಯರ ಕೈಯಿಂದ ಎಂಬುದಕ್ಕೆ ರಿಯಾಯಿತಿ ಇಲ್ಲ.

ಡೆಬಿಟ್ ಕಾರ್ಡಿಗೂ ಕಡಿತ ತಪ್ಪಿದ್ದಲ್ಲ. ಯಂತ್ರದ ಬ್ಯಾಂಕಿನ ಶುಲ್ಕ, ನಮ್ಮ ಬ್ಯಾಂಕಿನ ನಿಗದಿತ ಶುಲ್ಕ, ಮೊತ್ತದ ಮೇಲೆ ಶೇಕಡಾವಾರು ಮಾರ್ಕಪ್, ಹೀಗೆ ಮೂರು ಕಡೆ ಕತ್ತರಿ ಆಡುತ್ತದೆ. ಮೊದಲ ಎರಡು, ತೆಗೆದ ಮೊತ್ತ ಎಷ್ಟೇ ಇರಲಿ, ಅಷ್ಟೇ. ಲೆಕ್ಕಕ್ಕೆಂದು ಯಂತ್ರದ ಶುಲ್ಕ 5, ಬ್ಯಾಂಕಿನ ಶುಲ್ಕ 2, ಮಾರ್ಕಪ್ ಶೇ 3 ಎಂದಿಟ್ಟುಕೊಳ್ಳಿ. ನೂರು ತೆಗೆದರೆ ಹೋಗುವುದು 10, ಅಂದರೆ ಶೇ 10. ನಾನೂರು ತೆಗೆದರೆ 5, 2, 12 ಸೇರಿ 19, ಶೇ 5ಕ್ಕೂ ಕಡಿಮೆ. ದಿನಕ್ಕಿಷ್ಟು ಎಂದು ಚೂರುಚೂರು ತೆಗೆಯುವುದು ಸುರಕ್ಷಿತ ಅನ್ನಿಸಬಹುದು, ಆದರೆ ಅದು ದುಬಾರಿ ಅಭ್ಯಾಸ. ಥಾಯ್ಲೆಂಡ್‌ನಲ್ಲಿ ವಿದೇಶಿ ಕಾರ್ಡಿಗೆ ಯಂತ್ರದ ಶುಲ್ಕವೇ ಪ್ರತಿ ಸಲ 200 ಬಾತ್‌ಗೂ ಮೇಲೆ; ಅಲ್ಲಿ ಸಣ್ಣ ಮೊತ್ತ ತೆಗೆಯುವುದು ಶುದ್ಧ ನಷ್ಟ.

ದೊಡ್ಡ ಮೊತ್ತ ಕೇಳಿದಾಗ ‘ಖಾತೆಯಲ್ಲಿ ಹಣ ಸಾಲದು’ ಎಂದು ಬಂದರೆ ಗಾಬರಿ ಬೇಡ. ಎಷ್ಟೋ ಸಲ ಅದು ಆ ಯಂತ್ರದ ಒಂದು ಸಲದ ಮಿತಿ. ಮೊತ್ತ ಇಳಿಸಿ ನೋಡಿ. ಅದಕ್ಕೂ ಬರದಿದ್ದರೆ ನಮ್ಮ ಬ್ಯಾಂಕಿನ ದಿನದ ಮಿತಿ ಮುಗಿದಿರಬಹುದು. ಈ ‘ದಿನ’ ಉರುಳುವುದು ಸಾಮಾನ್ಯವಾಗಿ ಬ್ಯಾಂಕಿರುವ ದೇಶದ ಗಡಿಯಾರದಲ್ಲಿ, ನೀವಿರುವ ಕಡೆಯ ಮಧ್ಯರಾತ್ರಿಗೆ ಅಲ್ಲ.

ಅಂಗಡಿ, ಹೋಟೆಲ್, ಬಾಡಿಗೆ ಕಾರು

ಇಲ್ಲಿ ಕ್ರೆಡಿಟ್ ಕಾರ್ಡೇ ಮೇಲು, ಕಾರಣ ಮುಂಗಡ ತಡೆ. ಹೋಟೆಲಿನವರು, ಕಾರು ಬಾಡಿಗೆಯವರು ಬಿಲ್ಲಿಗಿಂತ ಹೆಚ್ಚು ಮೊತ್ತವನ್ನು ಮೊದಲೇ ಹಿಡಿದಿಡುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಿ ಹಿಡಿದದ್ದು ಬರೀ ಲಿಮಿಟ್. ಡೆಬಿಟ್ ಆದರೆ ನಿಮ್ಮ ಖಾತೆಯ ನಿಜವಾದ ದುಡ್ಡು. ಬಿಡುಗಡೆಯಾಗಲು ಎಷ್ಟೋ ದಿನ ಹಿಡಿಯಬಹುದು, ಅಷ್ಟರಲ್ಲಿ ಎಟಿಎಂ ಮುಂದೆ ಬರಿಗೈಯಲ್ಲಿ ನಿಂತಿರುತ್ತೀರಿ. ಕಾರು ಬಾಡಿಗೆಯ ಕೌಂಟರುಗಳು ಎಷ್ಟೋ ಕಡೆ ಪ್ರಿಪೇಯ್ಡ್ ಕಾರ್ಡನ್ನು ಮುಟ್ಟುವುದೇ ಇಲ್ಲ. ವಂಚನೆಯಾದಾಗಲೂ ಇದೇ ತರ್ಕ: ಕ್ರೆಡಿಟ್‌ನಲ್ಲಿ ತಕರಾರು ಬ್ಯಾಂಕಿನ ದುಡ್ಡಿನ ಮೇಲೆ, ಡೆಬಿಟ್‌ನಲ್ಲಿ ನಮ್ಮದರ ಮೇಲೆ.

ಕ್ರೆಡಿಟ್ ಕಾರ್ಡಿನ ದೌರ್ಬಲ್ಯ ಕಾಣುವುದು ಆಳಿಲ್ಲದ ಯಂತ್ರಗಳಲ್ಲಿ. ರೈಲು ಟಿಕೆಟ್, ಪಾರ್ಕಿಂಗ್, ಪೆಟ್ರೋಲ್ ಪಂಪ್ ಯಂತ್ರಗಳಲ್ಲಿ ಹಲವು ಪಿನ್ ಕೇಳಿಯೇ ಕೇಳುತ್ತವೆ. ಸಹಿಗೆ ಆದ್ಯತೆ ಇಟ್ಟುಕೊಂಡ ಕಾರ್ಡ್ ಅಲ್ಲಿ ಸೋಲುತ್ತದೆ. ಕ್ರೆಡಿಟ್ ಕಾರ್ಡಿಗೂ ಪಿನ್ ಮಾಡಿಸಿಕೊಂಡು ಹೊರಡಿ. ಪಿನ್ ಆನ್‌ಲೈನಿನಲ್ಲಿ ಬದಲಿಸಿದ್ದರೆ ಒಂದು ಸೂಕ್ಷ್ಮವಿದೆ: ಚಿಪ್ಪಿನೊಳಗೇ ಪಿನ್ ಇಟ್ಟುಕೊಳ್ಳುವ ಕಾರ್ಡುಗಳಲ್ಲಿ ಹಳೆಯ ಪಿನ್ ಹಾಗೇ ಉಳಿದಿರುತ್ತದೆ. ಬ್ಯಾಂಕಿನೊಂದಿಗೆ ನೇರ ಸಂಪರ್ಕವಿರುವ ಯಂತ್ರಕ್ಕೆ ಒಮ್ಮೆ ಕಾರ್ಡ್ ಹಾಕಿದಾಗಲೇ ಅದು ಹೊಸದಾಗುವುದು. ಆದ್ದರಿಂದ ಹೊರಡುವ ಮುಂಚೆ ನಿಮ್ಮದೇ ಬ್ಯಾಂಕಿನ ಎಟಿಎಂನಲ್ಲಿ ಒಮ್ಮೆ ಬಳಸಿ. ಅಮೆರಿಕದ ಪೆಟ್ರೋಲ್ ಪಂಪ್ ಯಂತ್ರ ಅಲ್ಲಿನ ಐದಂಕಿಯ ಅಂಚೆ ಸಂಖ್ಯೆ ಕೇಳಿದರೆ ಹೊರದೇಶದ ಕಾರ್ಡಿಗೆ ಸಾಮಾನ್ಯವಾಗಿ ಉತ್ತರವಿಲ್ಲ. ಒಳಗೆ ಹೋಗಿ ಕೌಂಟರಿನಲ್ಲಿ ಮೊದಲೇ ದುಡ್ಡು ಕಟ್ಟಿ ಹಾಕಿಸಿಕೊಳ್ಳುವುದೇ ದಾರಿ.

ಫೋನಿನಲ್ಲಿ ಕಾರ್ಡ್ ಹಾಕಿಟ್ಟುಕೊಂಡು ತಟ್ಟುವುದು ಅಂಗಡಿಗಳಲ್ಲಿ ಎಲ್ಲಕ್ಕಿಂತ ಸಲೀಸು; ನಿಜವಾದ ಕಾರ್ಡ್ ಸಂಖ್ಯೆ ಅಂಗಡಿಯವರಿಗೆ ಹೋಗುವುದಿಲ್ಲ. ಬ್ಯಾಟರಿ ಸತ್ತರೆ ಎಲ್ಲವೂ ಸತ್ತಂತೆ ಎಂಬುದು ಬಿಟ್ಟರೆ ದೂರು ಕಡಿಮೆ. ಲಂಡನ್ನಿನ ಟ್ಯೂಬ್ ಎಂಬ ಸುರಂಗ ರೈಲಿನಲ್ಲಿ ಮಾತ್ರ ಎಚ್ಚರ: ಒಳಗೆ ಹೋಗುವಾಗ ಫೋನ್ ತಟ್ಟಿ, ಹೊರಬರುವಾಗ ಅದೇ ಖಾತೆಯ ಪ್ಲಾಸ್ಟಿಕ್ ಕಾರ್ಡ್ ತಟ್ಟಿದರೆ ವ್ಯವಸ್ಥೆಯ ಕಣ್ಣಿಗೆ ಅವು ಎರಡು ಬೇರೆ ಕಾರ್ಡುಗಳು. ಎರಡಕ್ಕೂ ಅಪೂರ್ಣ ಪ್ರಯಾಣದ ಗರಿಷ್ಠ ದರ ಬೀಳುತ್ತದೆ.

ಟ್ರಾವೆಲ್ ಕಾರ್ಡ್: ಹೇಳಿಕೊಂಡಷ್ಟು ಅಗ್ಗವೇ?

ಮೊದಲೇ ವಿದೇಶಿ ಕರೆನ್ಸಿ ತುಂಬಿಟ್ಟುಕೊಳ್ಳುವ ಕಾರ್ಡಿನ ಆಕರ್ಷಣೆ, ದರ ಇವತ್ತಿನದೇ ನಿಲ್ಲುತ್ತದೆ ಎಂಬುದು. ಮುಂದೆ ದರ ಏರಿದರೆ ಲಾಭ, ಇಳಿದರೆ ನಷ್ಟ, ಒಟ್ಟಿನಲ್ಲಿ ಜೂಜು. ತುಂಬುವಾಗ ಕೊಡುವ ದರದಲ್ಲೇ ಅಂತರ ಸೇರಿರುತ್ತದೆ, ‘ಮಾರ್ಕಪ್ ಇಲ್ಲ’ ಎಂಬ ಘೋಷಣೆ ಅದನ್ನು ಮುಚ್ಚಿಡುತ್ತದೆ ಅಷ್ಟೆ. ತುಂಬಿದ ಕರೆನ್ಸಿಯ ದೇಶ ದಾಟಿದ ಕೂಡಲೇ ತೊಂದರೆ ಶುರು. ಯೂರೋ ತುಂಬಿದ ಕಾರ್ಡನ್ನು ಸ್ವಿಟ್ಜರ್ಲೆಂಡ್‌ನಲ್ಲಿ ಉಜ್ಜಿದರೆ ಯೂರೋದಿಂದ ಫ್ರಾಂಕ್‌ಗೆ ಮತ್ತೊಂದು ಪರಿವರ್ತನೆ, ಅದಕ್ಕೆ ಮತ್ತೊಂದು ಶುಲ್ಕ. ಮಿಕ್ಕಿದ್ದನ್ನು ವಾಪಸ್ ಪಡೆಯುವಾಗ ಅವರು ಕೊಳ್ಳುವ ದರ, ಬಳಸದೆ ಬಿಟ್ಟರೆ ಕೆಲವು ಕಾರ್ಡುಗಳಲ್ಲಿ ನಿಷ್ಕ್ರಿಯತೆಯ ಕಡಿತ. ಇಷ್ಟಿದ್ದೂ ಒಂದು ಗುಣಕ್ಕೆ ಇದನ್ನು ಜೊತೆಗಿಟ್ಟುಕೊಳ್ಳಬೇಕು. ಕದ್ದರೆ ಹೋಗುವುದು ಅದರಲ್ಲಿದ್ದಷ್ಟೇ. ಮೂಲ ಖಾತೆಗೂ ಅದಕ್ಕೂ ನಂಟಿಲ್ಲ. ಸೂಟ್‌ಕೇಸಿನಲ್ಲಿ ಬೇರೆಯಾಗಿ ಇಡಿ, ಪರ್ಸಿನಲ್ಲಿ ಅಲ್ಲ.

ಯಾವ ಯಂತ್ರ

ಬ್ಯಾಂಕ್ ಶಾಖೆಯ ಗೋಡೆಯಲ್ಲಿರುವ ಯಂತ್ರ, ಬ್ಯಾಂಕ್ ತೆರೆದಿರುವ ಹೊತ್ತಿನಲ್ಲಿ: ಇದಕ್ಕೆ ಮೊದಲ ಸ್ಥಾನ. ಕಾರ್ಡ್ ಒಳಗೆ ಸಿಕ್ಕಿಕೊಂಡರೆ ಕೇಳಲು ಒಬ್ಬರು ಇರುತ್ತಾರೆ, ಕಾರ್ಡಿನ ಮಾಹಿತಿ ಕದಿಯುವ ನಕಲಿ ಸಾಧನ ಅಂಟಿಸುವುದೂ ಕಷ್ಟ. ಪ್ರವಾಸಿಗರ ಬೀದಿಯಲ್ಲಿ, ಅಂಗಡಿ ಬಾಗಿಲ ಪಕ್ಕ ನಿಂತಿರುವ ಯಾವುದೇ ಬ್ಯಾಂಕಿನ ಹೆಸರಿಲ್ಲದ ಯಂತ್ರಗಳು ಕೊನೆಗೆ. ಶುಲ್ಕವೂ ಹೆಚ್ಚು, ಡಿಸಿಸಿ ಒತ್ತಾಯವೂ ಹೆಚ್ಚು. ಜಪಾನಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಹಲವು ಬ್ಯಾಂಕ್ ಯಂತ್ರಗಳು ಹೊರದೇಶದ ಕಾರ್ಡನ್ನು ಉಗುಳಿಬಿಡುತ್ತವೆ. ಸೆವೆನ್ ಇಲೆವೆನ್ ಅಂಗಡಿಯೊಳಗಿನ ಸೆವೆನ್ ಬ್ಯಾಂಕ್ ಯಂತ್ರ, ಅಂಚೆ ಬ್ಯಾಂಕಿನ ಯಂತ್ರ ಕೆಲಸ ಮಾಡುತ್ತವೆ. ಕಾರ್ಡಿನ ಹಿಂದಿರುವ ಪ್ಲಸ್ ಅಥವಾ ಸಿರಸ್ ಗುರುತು ಯಂತ್ರದ ಮೇಲೂ ಇದೆಯೇ ನೋಡಿ. ಪ್ಲಸ್ ವೀಸಾದ ಜಾಲ, ಸಿರಸ್ ಮಾಸ್ಟರ್‌ಕಾರ್ಡ್‌ನದು.

ಯಂತ್ರ ‘ಯಾವ ಖಾತೆ’ ಎಂದು ಕೇಳಿದಾಗ ಉಳಿತಾಯ ಎಂದು ಒತ್ತಿ ನಿರಾಕರಣೆ ಬಂದರೆ ಚಾಲ್ತಿ ಖಾತೆ ಒತ್ತಿ, ಅದೂ ಆಗದಿದ್ದರೆ ಕ್ರೆಡಿಟ್ ಎಂಬ ಆಯ್ಕೆ. ಡೆಬಿಟ್ ಕಾರ್ಡಿಗೂ ಎಷ್ಟೋ ಕಡೆ ಈ ಕೊನೆಯದೇ ನಡೆಯುತ್ತದೆ. ಅದು ಹೇಳುವುದು ಯಾವ ಜಾಲದ ಮೂಲಕ ಹೋಗಬೇಕೆಂದು ಮಾತ್ರ, ಡೆಬಿಟ್ ಕಾರ್ಡ್ ಅದರಿಂದ ಸಾಲದ ಕಾರ್ಡ್ ಆಗುವುದಿಲ್ಲ. ಪಿನ್ ಆರಂಕಿಯದಾಗಿದ್ದರೆ ಇನ್ನೊಂದು ತಲೆನೋವು. ಅಂತರರಾಷ್ಟ್ರೀಯ ಮಾನದಂಡ 4ರಿಂದ 12 ಅಂಕಿಗಳವರೆಗೆ ಒಪ್ಪುತ್ತದೆ, ಆದರೆ ನಾಲ್ಕರ ನಂತರ ಒತ್ತಲು ಬಿಡದ ಯಂತ್ರಗಳಿವೆ. ಮೊದಲ ನಾಲ್ಕಂಕಿ ಹಾಕಿ ಅದೃಷ್ಟ ನೋಡಬೇಡಿ; ಮೂರು ಸಲ ತಪ್ಪಿದರೆ ಸಾಮಾನ್ಯವಾಗಿ ಕಾರ್ಡ್ ಬಂದ್ ಆಗುತ್ತದೆ. ಬ್ಯಾಂಕ್ ಬಿಡುವುದಾದರೆ ಹೊರಡುವ ಮುಂಚೆಯೇ ನಾಲ್ಕಂಕಿಗೆ ಬದಲಿಸಿ. ಕೀಲಿಗಳ ಮೇಲೆ ಅಕ್ಷರ ಇಲ್ಲದ ಯಂತ್ರಗಳೂ ಇವೆ, ಹಾಗಾಗಿ ಪಿನ್ ಅನ್ನು ಪದವಾಗಿ ನೆನಪಿಟ್ಟುಕೊಳ್ಳುವವರು ಅಂಕಿಗಳಲ್ಲಿ ಬಾಯಿಪಾಠ ಮಾಡಿಕೊಳ್ಳಲಿ.

ಚಿಲ್ಲರೆ ಬೇಕೆಂದರೆ 200ರ ಬದಲು 190 ಕೇಳಿ. ದೊಡ್ಡ ನೋಟುಗಳಲ್ಲೇ ಮುಗಿಸಲು ಯಂತ್ರಕ್ಕೆ ಆಗುವುದಿಲ್ಲ. ಇನ್ನು, ಕೆಲವು ಯಂತ್ರ ಕಾರ್ಡ್ ಮೊದಲು ಕೊಟ್ಟು ನೋಟು ಆಮೇಲೆ ಕೊಡುತ್ತವೆ, ಕೆಲವು ನೋಟು ಮೊದಲು. ಕೈಗೆ ಒಂದರ ರೂಢಿಯಿದ್ದವರು ಇನ್ನೊಂದರ ಮುಂದೆ ಕಾರ್ಡ್ ಬಿಟ್ಟು ಬರುವುದು ಹೀಗೆಯೇ.

ನೋಟು ಬರಲಿಲ್ಲ, ದುಡ್ಡು ಕಡಿತವಾಯಿತು

ಅಲ್ಲೇ ನಿಂತು ಯಂತ್ರದ ಮೇಲಿನ ಸಂಖ್ಯೆ, ಬ್ಯಾಂಕಿನ ಹೆಸರು, ಸಮಯ ಇಷ್ಟನ್ನೂ ಫೋಟೋ ತೆಗೆಯಿರಿ. ಸ್ಲಿಪ್ ಬಂದಿದ್ದರೆ ಅದನ್ನೂ ತೆಗೆಯಿರಿ, ಶಾಖದ ಕಾಗದದ ಅಕ್ಷರ ಕೆಲವೇ ವಾರಗಳಲ್ಲಿ ಮಾಸಬಹುದು. ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ನಿಮ್ಮ ಬ್ಯಾಂಕಿಗೆ. ಯಂತ್ರದ ಬ್ಯಾಂಕಿನ ಜೊತೆ ಕಾರ್ಡ್ ಜಾಲದ ಮೂಲಕ ವ್ಯಾಜ್ಯ ಹೂಡುವುದು ಅವರ ಕೆಲಸ. ಯಂತ್ರವಿರುವ ಶಾಖೆಯವರು ‘ಸಂಜೆ ಲೆಕ್ಕ ಹೊಂದಿಸಿದಾಗ ಹೆಚ್ಚುವರಿ ನೋಟು ಕಾಣುತ್ತದೆ’ ಎಂದು ಸಮಾಧಾನ ಹೇಳಬಹುದು. ಮಾತು ನಿಜವೇ, ಆದರೆ ವಾಪಸ್ ಬರುವ ದಾರಿ ನಿಮ್ಮ ಬ್ಯಾಂಕಿನದು. ಕಾರ್ಡ್ ಕಂಪನಿಗಳ ನಿಯಮದಲ್ಲಿ ದೂರಿಗೆ ಗಡುವು ಇರುವುದರಿಂದ ಪ್ರವಾಸ ಮುಗಿಯಲಿ ಎಂದು ಕಾಯಬೇಡಿ. ಒಟಿಪಿ ಬರುವ ಸಿಮ್ ಜೀವಂತವಾಗಿರಲಿ, ಇಲ್ಲವೇ ಆ್ಯಪ್‌ನಲ್ಲೇ ಒಪ್ಪಿಗೆ ಕೊಡುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಇದಿಲ್ಲದೆ ಕಾರ್ಡ್ ಬಂದ್ ಮಾಡಿಸುವುದೂ ಹರಸಾಹಸ.

ಕೊನೆಯ ದಿನ ಕೈಯಲ್ಲುಳಿದ ನೋಟು ನಾಣ್ಯಗಳಿಗೆ ವಿನಿಮಯ ಕೌಂಟರು ಹುಡುಕಬೇಡಿ. ನಾಣ್ಯವನ್ನಂತೂ ಅವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೋಟೆಲ್ ಬಿಲ್ ಕಟ್ಟುವಾಗ ಇದ್ದಬದ್ದ ನಗದನ್ನೆಲ್ಲ ಎಣಿಸಿ ಕೊಟ್ಟು, ಉಳಿದಷ್ಟನ್ನು ಕಾರ್ಡಿಗೆ ಹಾಕಿ ಎನ್ನಿ. ಕಾರ್ಡ್ ಯಂತ್ರ ಕೈಗೆ ಬಂದಾಗ ಕರೆನ್ಸಿ ಯಾವುದಿದೆ ಎಂದು ಮತ್ತೊಮ್ಮೆ ನೋಡಿಕೊಳ್ಳಿ.