ಪೇಟೆಂಟ್ ಪುಸ್ತಕವೇ, ಕೌಂಟಿ ಕೋರ್ಟ್ ಪುಸ್ತಕವೇ?

17ನೇ ಶತಮಾನದಲ್ಲಿ, ಅಮೆರಿಕದ ಇಂಗ್ಲಿಷ್ ವಸಾಹತಾಗಿದ್ದ ವರ್ಜೀನಿಯಾದಲ್ಲಿ ಜಮೀನಿದ್ದ ಕಪ್ಪು ಜನರನ್ನು ಹುಡುಕಲು ಯಾವ ದಾಖಲೆಯನ್ನು ಮೊದಲು ನಕಲಿಸಬೇಕು?

ಪೇಟೆಂಟ್ ಪುಸ್ತಕ ಎಂದರೆ ವಸಾಹತು ಸರ್ಕಾರ ಜಮೀನು ಮಂಜೂರು ಮಾಡಿದ ದಾಖಲೆ. ಅದರಲ್ಲಿ ಎಕರೆ, ಚಕ್ಕುಬಂದಿ, ತಲೆಲೆಕ್ಕ (ವಸಾಹತಿಗೆ ಕರೆತಂದ ಪ್ರತಿಯೊಬ್ಬರ ಲೆಕ್ಕದಲ್ಲಿ ಸಿಗುತ್ತಿದ್ದ ಜಮೀನು) ಸಿಗುತ್ತವೆ. 1651ರಲ್ಲಿ ಆಂಥನಿ ಜಾನ್ಸನ್‌ಗೆ ಐದು ತಲೆಗೆ ತಲಾ 50ರಂತೆ 250 ಎಕರೆ. ಆದರೆ ಅದೊಂದನ್ನೇ ಓದಿದರೆ ಆತ ಕಪ್ಪು ಮನುಷ್ಯನೆಂದು ತಿಳಿಯುವುದೇ ಇಲ್ಲ! ಅದನ್ನು ತಿಳಿಸುವುದು ವರ್ಜೀನಿಯಾದ ನಾರ್ಥಾಂಪ್ಟನ್ ಕೌಂಟಿಯ (ಜಿಲ್ಲೆಯಂಥ ಆಡಳಿತ ವಿಭಾಗ) ಕೋರ್ಟ್ ಪುಸ್ತಕ: ದನ, ಸಾಲ, ತಂಬಾಕಿನ ತಕರಾರುಗಳ ನಡುವೆ, ಹೆಸರಿನ ಪಕ್ಕ ‘ನೀಗ್ರೋ’ ಎಂಬ ಒಂದೇ ಪದ.

ಆ ಕಾಲದ ಕೈಬರಹ ಓದುವುದು ಕಷ್ಟ, ಉದ್ದನೆಯ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುತ್ತದೆ. ಹೆಸರಿನ ಕಾಗುಣಿತ ತಿದ್ದದೆ ಇದ್ದಂತೆಯೇ ಇಳಿಸಿ. ಆಗ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಫೆಬ್ರವರಿಯ ದಿನಾಂಕವಾದರೆ ಆಗಿನ ಲೆಕ್ಕದ ವರ್ಷ, ಈಗಿನ ಲೆಕ್ಕದ ವರ್ಷ ಎರಡನ್ನೂ 1650/51 ಎಂದು ಬರೆಯಿರಿ.

ಸಮಯ ಕಡಿಮೆಯಿದ್ದರೆ ಕೋರ್ಟ್ ಪುಸ್ತಕವನ್ನೇ ಹಿಡಿಯಿರಿ. ಪೇಟೆಂಟ್‌ಗಳ ಸಾರಾಂಶ ಈಗಾಗಲೇ ಅಚ್ಚಾಗಿದೆ.