ಒಣ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಬೇಡಿ, ಯಾರು ಹೇಳಿದರೂ ಸರಿ

ಥಾರ್, ಜಿಮ್ನಿ, ಹಳೇ ಜಿಪ್ಸಿ ಇಟ್ಟುಕೊಂಡವರು, ಸೆಕೆಂಡ್ ಹ್ಯಾಂಡ್ ಜೀಪ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ.

ನಮ್ಮಣ್ಣ ತೋಟಕ್ಕೆ ಅಂತ ಒಂದು ಹಳೇ ಜೀಪ್ ತಗೊಂಡ. ಕೊಡಿಸಿದ ಬ್ರೋಕರ್ "ಘಾಟಿಯಲ್ಲಿ ಯಾವಾಗಲೂ 4ಎಚ್ ಹಾಕ್ಕೊಂಡೇ ಹೋಗಿ, ಗ್ರಿಪ್ ಜಾಸ್ತಿ" ಅಂತ ಹೇಳಿ ಕಳಿಸಿದ್ದ. (4ಎಚ್ ಅಂದರೆ ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಫೋರ್ ವೀಲ್ ಡ್ರೈವ್, 2ಎಚ್ ಅಂದರೆ ಎರಡೇ ಚಕ್ರಕ್ಕೆ.) ಬೇಸಿಗೆಯಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಅಣ್ಣ ಹಾಗೇ ಮಾಡಿದ. ತಿರುವು ಬಂದಾಗಲೆಲ್ಲ ಸ್ಟಿಯರಿಂಗ್ ಬಿಗಿ, ಟೈರ್ ಕಿರ್ ಅನ್ನುತ್ತಿತ್ತು, ಗಾಡಿ ಜಗ್ಗಿ ಜಗ್ಗಿ ಹೋಗುತ್ತಿತ್ತು. ಒಂದು ಹೇರ್‌ಪಿನ್‌ನಲ್ಲಿ ದಡಾರ್ ಅಂತ ಸದ್ದು. ಮುಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಶಾಫ್ಟಿನ ಕೀಲು) ಮುರಿದು, ಜೋತುಬಿದ್ದ ಶಾಫ್ಟ್ ಬಡಿದೂ ಬಡಿದೂ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ) ಬಿರುಕು ಬಿಟ್ಟಿತ್ತು. ಹಿಂದೆ ಬಸ್ಸು, ಪಕ್ಕದಲ್ಲಿ ಕಣಿವೆ, ಗಾಡಿಯಲ್ಲಿ ಮಕ್ಕಳು. ಈಗ ನೆನೆದರೂ ಮೈ ನಡುಗುತ್ತದೆ.

ಯಾಕೆ ಹೀಗಾಯ್ತು? ತಿರುವಿನಲ್ಲಿ ನಾಲ್ಕೂ ಚಕ್ರ ಒಂದೇ ದೂರ ಓಡುವುದಿಲ್ಲ. ಹೊರಗಿನ ಚಕ್ರ ಜಾಸ್ತಿ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸ ಸರಿದೂಗಿಸುವುದೇ ಪ್ರತಿ ಆಕ್ಸಲ್‌ನ ನಡುವೆ ಇರುವ ಡಿಫರೆನ್ಶಿಯಲ್, ಅದರೊಳಗಿನ ಸ್ಟಾರ್ ಗೇರ್‌ಗಳ ಕೆಲಸ. ಆದರೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಒಳಗಿಂದ ಕತ್ತರಿಸಿಕೊಂಡು ಬರುತ್ತವೆ, ಅಲ್ವಾ? ಅದನ್ನು ಸರಿದೂಗಿಸಲು ಮುಂದಿನ, ಹಿಂದಿನ ಆಕ್ಸಲ್‌ಗಳ ಮಧ್ಯದಲ್ಲಿ ಇನ್ನೊಂದು ಡಿಫರೆನ್ಶಿಯಲ್ ಬೇಕು. 1970ರಲ್ಲಿ ಬಂದ ರೇಂಜ್ ರೋವರ್‌ನಲ್ಲೇ ಅದು ಇತ್ತು, ಅದಕ್ಕೇ ಅದು ಸದಾ ಫೋರ್ ವೀಲ್‌ನಲ್ಲಿ ಓಡಬಹುದು. ಥಾರ್, ಜಿಮ್ನಿ, ಜಿಪ್ಸಿಯಂಥ ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ) ಗಾಡಿಗಳಲ್ಲಿ ಅದಿಲ್ಲ. 4ಎಚ್ ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸ್ ಮುಂದಿನ ಶಾಫ್ಟನ್ನೂ ಹಿಂದಿನದನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಕೆಸರಲ್ಲಿ, ಮರಳಲ್ಲಿ ಟೈರ್ ಸ್ವಲ್ಪ ಜಾರಿ ಆ ಒತ್ತಡ ಬಿಟ್ಟುಹೋಗುತ್ತದೆ. ಒಣ ಟಾರ್‌ನಲ್ಲಿ ಜಾರುವುದಕ್ಕೆ ಜಾಗವೇ ಇಲ್ಲ, ಹಗ್ಗ ಹುರಿ ಹಾಕಿದ ಹಾಗೆ ಶಾಫ್ಟ್‌ಗಳಲ್ಲಿ ಒತ್ತಡ ಏರುತ್ತಾ ಹೋಗಿ ಯಾವುದು ಸವೆದಿದೆಯೋ ಅದು ಮುರಿಯುತ್ತದೆ.

ಬ್ರೋಕರ್‌ಗೆ ಫೋನ್ ಮಾಡಿದರೆ "ಹಳೇ ಪಾರ್ಟು, ಹೋಗಿರುತ್ತೆ" ಅಂದು ಇಟ್ಟುಬಿಟ್ಟ. ಗಾಡಿ ಮಾರುವವನಿಗೆ ಇಷ್ಟೂ ಗೊತ್ತಿಲ್ಲದೆ ಸುಮ್ನೆ ಸಲಹೆ ಕೊಡುವುದು ಜನರ ಪ್ರಾಣದ ಜೊತೆ ಆಟ.

ಟಾರ್ ಮೇಲೆ ತಿರುಗಿಸುವಾಗ ಸ್ಟಿಯರಿಂಗ್ ಬಿಗಿಯಾದರೆ ಮೊದಲು ಲಿವರ್ ನೋಡಿ. 4ಎಚ್‌ನಿಂದ 2ಎಚ್‌ಗೆ ಬರದೆ ಸಿಕ್ಕಿಕೊಂಡಿದ್ದರೆ ಜೋರು ಮಾಡಬೇಡಿ, ಜಾಗ ನೋಡಿಕೊಂಡು ನೇರವಾಗಿ ಸ್ವಲ್ಪ ರಿವರ್ಸ್ ತಗೊಳ್ಳಿ, ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಮಳೆಗೆ ಒದ್ದೆಯಾದ ಟಾರ್‌ಗೂ ಸಾಕಷ್ಟು ಹಿಡಿತ ಇರುತ್ತದೆ, ಅಲ್ಲೂ 2ಎಚ್ ಸಾಕು. ಹಳೇ ಜೀಪ್ ಕೊಳ್ಳುವವರು ನಾಲ್ಕೂ ಟೈರ್ ಒಂದೇ ಸೈಜಾ ನೋಡಿ, ಕ್ರಾಸ್‌ಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಟ್ರಾನ್ಸ್‌ಫರ್ ಕೇಸಿನ ಎಣ್ಣೆಯನ್ನು ನಿಮ್ಮದೇ ಮೆಕ್ಯಾನಿಕ್ ಹತ್ತಿರ ತೆಗೆಸಿ ನೋಡಿ. ಅದರಲ್ಲಿ ಕಬ್ಬಿಣದ ಚೂರು ಕಂಡರೆ ಆ ಗಾಡಿ ಬಿಟ್ಟುಬಿಡಿ.