ತಾರೀಕು ಸರಿಯಿದ್ದ ನಕಲಿ ಬ್ಯಾಗ್

2024ರ ಜುಲೈ ತಿಂಗಳಲ್ಲಿ, ಮಂಗಳೂರಿನ ಬಿಜೈಯ ಒಂದು ವಸತಿ ಸಮುಚ್ಚಯದ ಕೆಳಗೆ ನಿಂತು, ನಾನು 64,000 ರೂಪಾಯಿ ಕೊಟ್ಟು ಲೂಯಿ ವಿಟಾನ್ ಕಂಪನಿಯ ‘ಸ್ಪೀಡಿ 30’ ಎಂಬ ಸೆಕೆಂಡ್ ಹ್ಯಾಂಡ್ ಬ್ಯಾಗ್ ಕೊಂಡೆ. ಅದು ನಕಲಿ. ಮಾರಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅವರು ಹೇಳಿದ ಹೆಸರೇ ನಿಜವೆಂಬ ನಂಬಿಕೆ ಈಗ ನನಗಿಲ್ಲ. ನಾನು ಯಾವ ಪರೀಕ್ಷೆಯನ್ನು ನಂಬಿ ಹಣ ಕೊಟ್ಟೆನೋ ಅದೇ ಪರೀಕ್ಷೆಯನ್ನು ನಂಬಿ ಕೊಳ್ಳಲು ಹೊರಟ ಇಬ್ಬರು ಪರಿಚಿತರು ಕಳೆದ ತಿಂಗಳು ಸಿಕ್ಕಿದ್ದರಿಂದ ಇದನ್ನು ಬರೆಯಬೇಕೆನಿಸಿತು.

ನಮ್ಮ ಕರಾವಳಿಯಲ್ಲಿ ಇಂಥ ಬ್ಯಾಗ್‌ಗಳ ಮಾರಾಟಕ್ಕೆ ಒಂದು ಸಿದ್ಧ ಕಥೆ ಇರುತ್ತದೆ, ಮತ್ತು ಅದು ಬಹಳ ಸಲ ನಿಜವೂ ಆಗಿರುತ್ತದೆ: ಗಂಡ ದುಬೈಯಲ್ಲಿದ್ದರು, ಆಗ ಕೊಂಡದ್ದು, ಈಗ ಊರಿಗೆ ಬಂದು ನೆಲೆಸಿದ್ದೇವೆ, ಇಲ್ಲಿ ಹಿಡಿದುಕೊಂಡು ಹೋಗುವ ಸಂದರ್ಭವೇ ಬರುವುದಿಲ್ಲ. ನನಗೆ ಹೇಳಿದ್ದೂ ಇದನ್ನೇ. 2009ರಲ್ಲಿ ದುಬೈಯಲ್ಲಿ ಕೊಂಡ ಬ್ಯಾಗ್ ನಾಲ್ಕೈದು ವರ್ಷ ಬಳಕೆಯಾಗಿ, ಆಮೇಲೆ ಮಂಗಳೂರಿನ ಕಪಾಟಿನಲ್ಲಿ ಹತ್ತು ವರ್ಷ ಇತ್ತಂತೆ. ಜೊತೆಗೆ ಬಟ್ಟೆಯ ಚೀಲ, ಅಂಗಡಿಯ ಬಿಲ್ಲು, ‘ಅಸಲಿತನದ ಕಾರ್ಡು’ ಎಂದು ಕರೆದ ಒಂದು ಪ್ಲಾಸ್ಟಿಕ್ ಕಾರ್ಡು. ಗಲ್ಫ್ ಸಂಬಂಧವಿಲ್ಲದ ಮನೆ ನಮ್ಮ ಬಂಧುಬಳಗದಲ್ಲಿಯೇ ವಿರಳವಾಗಿರುವಾಗ ಈ ಕಥೆಯನ್ನು ಅನುಮಾನಿಸಲು ನನಗೆ ಕಾರಣ ತೋರಲಿಲ್ಲ.

ಹಾಗೆಂದು ನಾನು ಕಣ್ಣು ಮುಚ್ಚಿಕೊಂಡು ಹೋಗಿರಲಿಲ್ಲ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಹದಿನೆಂಟು ವರ್ಷ ದುಡಿದವಳು ನಾನು; ಅಂಕಿಗಳನ್ನು ನೋಡಿದರೆ ಓದದೆ ಬಿಡುವ ಅಭ್ಯಾಸವಿಲ್ಲ. ಈ ಕಂಪನಿಯ ಬ್ಯಾಗ್‌ಗಳ ಒಳಗೆ ‘ಡೇಟ್ ಕೋಡ್’ ಎಂಬ ಗುರುತು ಇರುತ್ತದೆಂದೂ ಅದನ್ನು ಓದುವ ಕ್ರಮ ಕಾಲದಿಂದ ಕಾಲಕ್ಕೆ ಬದಲಾಗಿದೆಯೆಂದೂ ಎರಡು ವಾರ ಕೂತು ಕಲಿತಿದ್ದೆ. 1980ರ ದಶಕದ ಮೊದಲ ವರ್ಷಗಳಲ್ಲಿ ಮೂರು ಅಥವಾ ನಾಲ್ಕು ಅಂಕಿಗಳಷ್ಟೇ ಇದ್ದವು. ಮೊದಲ ಎರಡು ವರ್ಷವನ್ನೂ ಉಳಿದವು ತಿಂಗಳನ್ನೂ ಹೇಳುತ್ತಿದ್ದವು. 1990ರಿಂದ 2006ರವರೆಗೆ ಎರಡು ಅಕ್ಷರ, ನಾಲ್ಕು ಅಂಕಿ. ಒಂದನೆಯ ಮತ್ತು ಮೂರನೆಯ ಅಂಕಿ ಸೇರಿದರೆ ತಿಂಗಳು, ಎರಡನೆಯ ಮತ್ತು ನಾಲ್ಕನೆಯ ಅಂಕಿ ಸೇರಿದರೆ ವರ್ಷ. 2007ರಿಂದ ರೂಪ ಅದೇ ಉಳಿದು, ತಿಂಗಳಿನ ಜಾಗದಲ್ಲಿ ವರ್ಷದ ಎಷ್ಟನೆಯ ವಾರ ಎಂಬುದು ಬಂತು. 2021ರಲ್ಲಿ ಕಂಪನಿ ಈ ಪದ್ಧತಿಯನ್ನು ಕೈಬಿಟ್ಟು ಬ್ಯಾಗ್‌ನೊಳಗೆ ಕಣ್ಣಿಗೆ ಕಾಣದ ಚಿಪ್ ಇಡತೊಡಗಿತು. ಅಲ್ಲಿಗೆ ಮುಂಚಿನ ಬ್ಯಾಗ್‌ಗಳ ವಯಸ್ಸನ್ನು ತಿಳಿಯಲು ಈಗಲೂ ಡೇಟ್ ಕೋಡೇ ಆಧಾರ.

ನನಗೆ ತೋರಿಸಿದ ಬ್ಯಾಗ್‌ನ ಒಳಜೇಬಿನ ಚರ್ಮದ ಪಟ್ಟಿಯ ಮೇಲೆ ‘ಸಿಎ 1049’ ಎಂದಿತ್ತು. ಮೊಬೈಲಿನ ಬೆಳಕು ಬಿಟ್ಟು ಓದಿದೆ: ಒಂದನೆಯದೂ ಮೂರನೆಯದೂ ಸೇರಿ 14, ಎರಡನೆಯದೂ ನಾಲ್ಕನೆಯದೂ ಸೇರಿ 09. ಅಂದರೆ 2009ರ ಹದಿನಾಲ್ಕನೆಯ ವಾರ, ಏಪ್ರಿಲ್ ಆರಂಭದ ಸುಮಾರು. ಬಿಲ್ಲಿನ ಮೇಲಿದ್ದ ತಾರೀಕು ಅದೇ ವರ್ಷದ ನವೆಂಬರ್. ಏಪ್ರಿಲ್‌ನಲ್ಲಿ ತಯಾರಾಗಿ ನವೆಂಬರ್‌ನಲ್ಲಿ ಮಾರಾಟವಾಯಿತು. ಕಥೆ, ಕೋಡು, ಬಿಲ್ಲು ಮೂರೂ ಒಂದಕ್ಕೊಂದು ಹೊಂದಿದವು. ಆ ಲೆಕ್ಕ ತಾಳೆಯಾದ ಕ್ಷಣದಲ್ಲಿ ನನಗಾದ ಸಂತೋಷವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಲ್ಲಿಯೇ ಯುಪಿಐ ಮೂಲಕ ಹಣ ಕಳುಹಿಸಿದೆ.

ಚಿನ್ನ ಕೊಳ್ಳುವ ಅಭ್ಯಾಸವೇ ನನ್ನನ್ನು ದಾರಿ ತಪ್ಪಿಸಿತು ಎಂದು ಆಮೇಲೆ ಅನ್ನಿಸಿದೆ. ಒಡವೆಯ ಮೇಲೆ ಈಗ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ. ಅದು ಪ್ರತಿಯೊಂದು ಒಡವೆಗೂ ಬೇರೆ, ಮತ್ತು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದರ ವಿವರ ತೆರೆದುಕೊಳ್ಳುತ್ತದೆ. ಡೇಟ್ ಕೋಡ್ ಅಂಥದ್ದಲ್ಲ. ಒಂದು ಕಾರ್ಖಾನೆಯಲ್ಲಿ ಒಂದು ವಾರ ತಯಾರಾದ ಎಲ್ಲ ಬ್ಯಾಗ್‌ಗಳಿಗೂ ಒಂದೇ ಕೋಡ್. ಅದನ್ನು ಹಾಕಿ ನೋಡಲು ಸಾರ್ವಜನಿಕರಿಗೆ ತೆರೆದ ಯಾವ ದಾಖಲೆಯೂ ಇಲ್ಲ. ಓದುವ ಕ್ರಮ ನನ್ನಂಥವಳಿಗೆ ಎರಡು ವಾರದಲ್ಲಿ ದಕ್ಕಿತೆಂದ ಮೇಲೆ ನಕಲಿ ಮಾಡುವವನಿಗೆ ದಕ್ಕದೆ ಇರುತ್ತದೆಯೇ? ತಪ್ಪಾದ ಕೋಡ್ ಇದ್ದರೆ, ಉದಾಹರಣೆಗೆ ಹದಿಮೂರನೆಯ ತಿಂಗಳೋ ಅರುವತ್ತನೆಯ ವಾರವೋ ಬಂದರೆ, ಬ್ಯಾಗ್ ನಕಲಿ ಎಂದು ತೀರ್ಮಾನಿಸಬಹುದು. ಸರಿಯಾದ ಕೋಡ್ ಇದ್ದರೆ ಏನೂ ತೀರ್ಮಾನವಾಗುವುದಿಲ್ಲ. ನಾನು ವಯಸ್ಸನ್ನು ಕಂಡುಹಿಡಿದು ಅಸಲಿತನವನ್ನು ಕಂಡುಹಿಡಿದೆನೆಂದು ತಿಳಿದುಕೊಂಡೆ.

ಆಗಸ್ಟ್ ಕೊನೆಗೆ ದುಬೈಯಿಂದ ದೊಡ್ಡಮ್ಮನ ಮಗಳು ಬಂದಳು. ಅಕ್ಕ ಬ್ಯಾಗ್ ಕೈಗೆತ್ತಿಕೊಂಡು ಕೋಡನ್ನು ನೋಡಲೇ ಇಲ್ಲ. ಮುಂದೆ ನೋಡಿದಳು, ತಿರುಗಿಸಿ ಹಿಂದೆ ನೋಡಿದಳು, ಕೆಳಗಿಟ್ಟಳು. “ಇದೆಂಥ ಮಾರಾಯ್ತಿ, ಎರಡೂ ಬದಿಯಲ್ಲಿ ಅಕ್ಷರ ನೆಟ್ಟಗಿದೆಯಲ್ಲ” ಎಂದಳು. ಮೊನೊಗ್ರಾಮ್ ಸ್ಪೀಡಿಯ ಮೈ ಒಂದೇ ತುಂಡು ಕ್ಯಾನ್ವಾಸ್. ಅದು ಮುಂಬದಿಯಿಂದ ತಳದ ಮೂಲಕ ಹಿಂಬದಿಗೆ ಸುತ್ತಿ ಬರುವುದರಿಂದ ಒಂದು ಬದಿಯ ‘ಎಲ್‌ವಿ’ ಗುರುತುಗಳು ತಲೆಕೆಳಗಾಗಿಯೇ ಇರಬೇಕು. ತಳದಲ್ಲಿ ಹೊಲಿಗೆ ಹಾಕಿ ಎರಡು ತುಂಡು ಸೇರಿಸಿದರೆ ಮಾತ್ರ ಎರಡೂ ಬದಿ ನೆಟ್ಟಗೆ ಕಾಣಲು ಸಾಧ್ಯ. ನನ್ನ ಬ್ಯಾಗ್‌ನ ತಳದಲ್ಲಿ, ಚರ್ಮದ ಪಟ್ಟಿಯ ಅಡಿಯಲ್ಲಿ, ಆ ಹೊಲಿಗೆ ಬೆರಳಿಗೆ ತಾಗುತ್ತಿತ್ತು. ಅಸಲಿಯಲ್ಲಿ ಯಾವುದು ದೋಷದಂತೆ ಕಾಣುತ್ತದೆಯೋ ಅದನ್ನು ನಕಲಿಯವರು ತಿದ್ದಿ ಕೊಟ್ಟಿದ್ದರು.

ಚರ್ಮದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಮಳೆಯ ಊರಿನವರಾದ ನಮಗೆ ಈ ಪರೀಕ್ಷೆ ಸುಲಭ. ಇಂಥ ಬ್ಯಾಗ್‌ಗಳ ಹಿಡಿಕೆ ಮತ್ತು ಅಂಚುಗಳಿಗೆ ಬಳಸುವುದು ‘ವಾಕೆಟಾ’ ಎಂಬ, ಮೇಲೆ ಬಣ್ಣವನ್ನಾಗಲಿ ಲೇಪವನ್ನಾಗಲಿ ಹಾಕದ ದನದ ಚರ್ಮ. ಹೊಸತರಲ್ಲಿ ಅದು ತೆಳು ಹಳದಿ ಛಾಯೆಯಲ್ಲಿರುತ್ತದೆ. ಬೆಳಕು, ಗಾಳಿ, ಕೈಯ ಬೆವರು ತಾಗುತ್ತ ಜೇನಿನ ಬಣ್ಣಕ್ಕೆ ತಿರುಗಿ ಕ್ರಮೇಣ ಕಂದಾಗುತ್ತದೆ. ಈ ಬದಲಾವಣೆ ಎಲ್ಲ ಕಡೆ ಸಮನಾಗಿ ಆಗುವುದಿಲ್ಲ. ಕೈ ಹಿಡಿಯುವಲ್ಲಿ ಗಾಢ, ಮಡಿಕೆಯ ಒಳಗೆ ಮತ್ತು ಲೋಹದ ಬಳೆಯ ಅಡಿಯಲ್ಲಿ ತೆಳು. ನೀರು ಬಿದ್ದರೆ ಕುಡಿಯುತ್ತದೆ, ಕಲೆ ಉಳಿಯುತ್ತದೆ. ನನ್ನ ಬ್ಯಾಗ್‌ನ ಹಿಡಿಕೆ ಮಡಿಕೆಯ ಒಳಗೂ ಹೊರಗೂ ಒಂದೇ ಕಂದು ಬಣ್ಣದಲ್ಲಿತ್ತು. ಕೊಂಡ ದಿನ ಸುರಿಯುತ್ತಿದ್ದ ಮಳೆಯಲ್ಲಿ ಕಾರಿನವರೆಗೆ ನಡೆದಾಗ ಹಿಡಿಕೆಯ ಮೇಲೆ ಬಿದ್ದ ಹನಿಗಳು ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿ ಹೋದದ್ದನ್ನು ಕಂಡು, ಎಂಥ ಗಟ್ಟಿ ಮಾಲು ಎಂದು ನಾನು ಹಿಗ್ಗಿದ್ದೆ. ಪ್ಲಾಸ್ಟಿಕ್ ಲೇಪದ ಮೇಲೆ ನೀರು ಹಾಗೆಯೇ ಜಾರುತ್ತದೆ. ಇನ್ನು ಹತ್ತು ಮಳೆಗಾಲ ಮಂಗಳೂರಿನ ಕಪಾಟಿನಲ್ಲಿದ್ದ ಚರ್ಮಕ್ಕೆ ಒಂದು ಚುಕ್ಕೆ ಬೂಷ್ಟಿನ ಗುರುತೂ ಇಲ್ಲವೆಂದರೆ, ನಮ್ಮ ಮನೆಯ ಚಪ್ಪಲಿ, ಬೆಲ್ಟುಗಳ ಪಾಡನ್ನು ನೋಡಿಯಾದರೂ ನನಗೆ ಹೊಳೆಯಬೇಕಿತ್ತು.

ಕೋಡಿನಲ್ಲೂ ತಪ್ಪಿತ್ತು, ಆದರೆ ಅದು ಅಂಕಿಗಳಲ್ಲಿ ಇರಲಿಲ್ಲ. ಮುಂದಿನ ಎರಡು ಅಕ್ಷರಗಳು ಕಾರ್ಖಾನೆಯನ್ನು ಸೂಚಿಸುತ್ತವೆ. ‘ಸಿಎ’ ಎಂದರೆ ಸ್ಪೇನ್. ಬ್ಯಾಗ್‌ನೊಳಗಿನ ಮುದ್ರೆಯಲ್ಲಿ ಇದ್ದದ್ದು ‘ಮೇಡ್ ಇನ್ ಫ್ರಾನ್ಸ್’. ‘ಎಸ್‌ಡಿ’, ‘ಎಫ್‌ಎಲ್’ ಮುಂತಾದ ಕೆಲವು ಅಕ್ಷರಗಳು ಫ್ರಾನ್ಸ್, ಅಮೆರಿಕ ಎರಡಕ್ಕೂ ಸಲ್ಲುವುದರಿಂದ ಆತುರದ ತೀರ್ಮಾನ ಕೂಡದು. ಆದರೆ ನನ್ನ ಬ್ಯಾಗ್‌ಗೆ ಆ ಸಂಶಯದ ಲಾಭವೂ ಇರಲಿಲ್ಲ. ಅಂಕಿಗಳನ್ನು ಅಷ್ಟು ಶ್ರದ್ಧೆಯಿಂದ ಓದಿದ ನಾನು ಅಕ್ಷರಗಳನ್ನು ಓದಲಿಲ್ಲ. ಕಾರ್ಡಿನ ವಿಷಯ ಇನ್ನೂ ಸರಳ: ಈ ಕಂಪನಿ ಅಸಲಿತನದ ಕಾರ್ಡನ್ನು ಕೊಡುವುದೇ ಇಲ್ಲ.

ನನ್ನ ವೃತ್ತಿಗೇ ಅವಮಾನವಾದದ್ದು ಬಿಲ್ಲಿನಿಂದ. ಅದರ ಕೊನೆಯ ಸಾಲಿನಲ್ಲಿ ಶೇಕಡಾ 5 ವ್ಯಾಟ್ ಎಂದು ಸ್ಪಷ್ಟವಾಗಿ ಮುದ್ರಿಸಿದ್ದರು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವ್ಯಾಟ್ ಜಾರಿಗೆ ಬಂದದ್ದು 2018ರ ಜನವರಿ 1ರಂದು. 2009ರ ಬಿಲ್ಲಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ದಿನಕ್ಕೆ ನೂರಾರು ಬಿಲ್ಲುಗಳಲ್ಲಿ ತೆರಿಗೆಯ ಸಾಲು ನೋಡಿ ನೋಡಿ, ಆ ಸಾಲು ಇದ್ದರೆ ಬಿಲ್ಲು ಸಾಚಾ ಎಂದು ನನ್ನ ಕಣ್ಣು ರೂಢಿ ಮಾಡಿಕೊಂಡಿತ್ತೋ ಏನೋ. ಅಕ್ಕ ಇದನ್ನು ತೋರಿಸಿ, “ಲೆಕ್ಕ ನೋಡುವವಳು ನೀನು” ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಬೇರೆ ಕಂಪನಿಗಳ ಬ್ಯಾಗ್ ನೋಡುತ್ತಿರುವವರಿಗೆ ಎರಡು ಮಾತು. ಗುಚ್ಚಿಯ ಒಳಪಟ್ಟಿಯ ಸಂಖ್ಯೆ ಮಾದರಿಯನ್ನೂ ತಯಾರಿಸಿ ಕೊಟ್ಟವರನ್ನೂ ಹೇಳುತ್ತದೆ, ಒಂದೊಂದು ಬ್ಯಾಗ್‌ಗೆ ಒಂದೊಂದಲ್ಲ. ಶನೆಲ್‌ನಲ್ಲಿ 2021ರವರೆಗೆ ಒಳಗೆ ಸಂಖ್ಯೆಯ ಸ್ಟಿಕ್ಕರ್, ಜೊತೆಗೆ ಅದೇ ಸಂಖ್ಯೆಯ ಕಾರ್ಡು ಇರುತ್ತಿದ್ದವು. ಎರಡರ ನಕಲೂ ಧಾರಾಳವಾಗಿ ಸಿಗುತ್ತದೆ.

ಮಾರಿದವರಿಗೆ ಕರೆ ಮಾಡಿದಾಗ, “ಅಕ್ಕ, ನೀವೇ ಕೋಡ್ ನೋಡಿ ಒಪ್ಪಿಕೊಂಡಿರಲ್ಲ” ಎಂಬ ಉತ್ತರ ಬಂತು. ಮರುದಿನದಿಂದ ಆ ಸಂಖ್ಯೆ ಚಾಲ್ತಿಯಲ್ಲಿಲ್ಲ. ಬಿಜೈಯ ಕಾವಲುಗಾರನನ್ನು ವಿಚಾರಿಸಿದರೆ ಅಂಥವರು ಆ ಕಟ್ಟಡದಲ್ಲಿ ವಾಸವೇ ಇರಲಿಲ್ಲ. ಮನೆಯೊಳಗೆ ಕರೆಯದೆ ಕೆಳಗೇ ವ್ಯವಹಾರ ಮುಗಿಸಿದ್ದರ ಅರ್ಥ ಆಗ ತಿಳಿಯಿತು. ಶುಲ್ಕ ಕೊಟ್ಟು ಪರಿಣತರೊಬ್ಬರಿಗೆ ಹದಿನಾರು ಫೋಟೋ ಕಳುಹಿಸಿದೆ, ನಕಲಿ ಎಂಬ ಲಿಖಿತ ವರದಿ ಬಂತು. ಇದನ್ನು ಕೊಳ್ಳುವ ಮೊದಲೇ ಮಾಡಿಸಬಹುದಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆ. ಸ್ಪೀಡಿ ಬ್ಯಾಗ್ ಹುಟ್ಟಿದ್ದೂ 1930ರಲ್ಲಿಯೇ ಎಂಬುದು ನೆನಪಾಗಿ ಆ ದುಃಖದಲ್ಲೂ ನಗು ಬಂತು. ಹಣ ಹೋದ ಕೆಲವೇ ಗಂಟೆಗಳಲ್ಲಿ ಕರೆ ಮಾಡಿದರೆ ಖಾತೆಯಲ್ಲಿ ತಡೆಹಿಡಿಯುವ ಅವಕಾಶವಿರುತ್ತದೆ; ನಾನು ಮಾಡಿದ್ದು ಆರು ವಾರದ ಮೇಲೆ.

ಬ್ಯಾಗನ್ನು ಬಂದ ಬೆಲೆಗೆ ಮಾರಿಬಿಡು ಎಂದವರೂ ಇದ್ದಾರೆ. ನಕಲಿ ಎಂದು ತಿಳಿದೂ ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆಯಿದೆ, ದಂಡವೂ ಇದೆ. ಈಗ ಅದರಲ್ಲಿ ಹಳೆಯ ವೌಚರುಗಳನ್ನು ತುಂಬಿಟ್ಟಿದ್ದೇನೆ.

ಕಳೆದ ತಿಂಗಳು ಸಿಕ್ಕ ಪರಿಚಿತರಿಬ್ಬರೂ ಮಣಿಪಾಲದವರು. ಅವರಿಗೆ ಬಂದ ಫೋಟೋಗಳಲ್ಲಿ ಬ್ಯಾಗ್ ಬೇರೆ, ಕೋಡ್ ಬೇರೆ, ಕೇಳಿದ ಬೆಲೆ 58,000. ಬಿಲ್ಲಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ತಾರೀಕು 2011ರದ್ದು, ಕೊನೆಯ ಸಾಲಿನಲ್ಲಿ ಶೇಕಡಾ 5 ವ್ಯಾಟ್.